ಹೊರನಾಡಿನಲ್ಲಿ ಬಿಡಾರ

ಮನೆ ಬದಲಾಯಿಸುವುದು ನಮ್ಮ ಜನಕ್ಕೆ ಹೊಸ ಸಂಗತಿಯೇನೂ ಅಲ್ಲ. ತುಮಕೂರಿನ ಚಿಕ್ಕಪೇಟೆಯಿಂದ ಸೋಮೇಶ್ವರಪುರಕ್ಕೆ, ಅಲ್ಲಿಂದ ಸಿದ್ಧಗಂಗಾ ಬಡಾವಣೆಗೆ ಸಂಸಾರಗಳು ಸಾಗುತ್ತಲೇ ಇರುತ್ತವೆ. ಒಳ್ಳೆಯ ದಿನ ನೋಡಿ, ದೇವರ ಪಟವನ್ನೂ ತುಂಬಿದ ಬಿಂದಿಗೆಯನ್ನೂ ಮುಂದಾಗಿ ಒಯ್ದು, ಒಲೆಯ ಮೇಲೆ ಹಾಲು ಉಕ್ಕಿಸಿ, ಅಂದಿನ ಸಂಜೆ ಪಕ್ಕದ ಮನೆಯಾಕೆ ಹೆಪ್ಪಿಗೆಂದು ಒಂದು ಚಮಚ ಮಜ್ಜಿಗೆ ಕೊಟ್ಟಳೆಂದರೆ ಬಿಡಾರ ಹೂಡಿದಂತೆಯೇ ಸರಿ. ಮಿಕ್ಕದ್ದೆಲ್ಲ, ಹಾಲಿನವನು ಬರುವ ಹೊತ್ತು, ನಲ್ಲಿಯಲ್ಲಿ ನೀರು ಬರುವ ಸರದಿ, ಬೀದಿಯ ನಾಯಿಯ ಸ್ವಭಾವ, ಒಂದು ವಾರದಲ್ಲಿ ತಾನಾಗಿಯೇ ತಿಳಿದುಬರುತ್ತದೆ.

ಅದೇ ಸಂಸಾರ ಕಡಲಿನಾಚೆ ಬಿಡಾರ ಹೂಡಬೇಕಾದಾಗ ಮಾತು ಬೇರೆಯಾಗುತ್ತದೆ. ಗುಬ್ಬಿಯ ತೋಟದ ಮನೆಯಲ್ಲಿ ಬೆಳೆದ ಹೆಣ್ಣುಮಗಳು ಮದುವೆಯಾದ ಕೆಲವೇ ತಿಂಗಳಲ್ಲಿ ಅಮೆರಿಕೆಯ ಯಾವುದೋ ಊರಿನ ಮೂರನೆಯ ಅಂತಸ್ತಿನಲ್ಲಿ ನಿಲ್ಲುತ್ತಾಳೆ. ಕುಣಿಗಲಿನ ತರುಣನು ಜರ್ಮನಿಯಲ್ಲಿ ಬೀಗದ ಕೈ ತಿರುವಿ ಒಳಹೊಕ್ಕರೆ ಅಡುಗೆಯ ಮನೆಯಲ್ಲಿ ಒಲೆಯೂ ಇಲ್ಲ, ಪಾತ್ರೆ ತೊಳೆಯುವ ತೊಟ್ಟಿಯೂ ಇಲ್ಲ. ನಾಲ್ಕು ಬರಿಯ ಗೋಡೆಗಳು ಮಾತ್ರ. ಇಂತಹ ಸಂಗತಿಗಳು ಇಂದು ಅಪರೂಪವಲ್ಲ. ತುಮಕೂರಿನಲ್ಲಿ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ ಸ್ಥಾಪನೆಯಾದ 1963ರಿಂದ ಈಚೆಗೆ ಈ ಜಿಲ್ಲೆಯ ತರುಣ ತರುಣಿಯರಿಗೆ ಯಂತ್ರವಿದ್ಯೆಯ ಬಾಗಿಲು ಮನೆಯ ಹತ್ತಿರವೇ ತೆರೆಯಿತು. ಆ ಬಾಗಿಲಿನಿಂದ ಹೊರಬಿದ್ದ ದಾರಿ ಎಷ್ಟೋ ಮಂದಿಯನ್ನು ದೂರದ ದೇಶಗಳವರೆಗೂ ಕರೆದೊಯ್ದಿತು. ಊರಿನಲ್ಲಿ ಉಳಿದ ತಾಯಿತಂದೆಗಳು ದೂರವಾಣಿಯಲ್ಲಿ ಕೇಳುವ ಮೊದಲ ಪ್ರಶ್ನೆ, “ಮನೆ ಹೇಗಿದೆಯಪ್ಪಾ?” ಎಂದು. ಬರುವ ಉತ್ತರ, “ಚೆನ್ನಾಗಿದೆಯಮ್ಮಾ” ಎಂದು. ಆ ಒಂದು ಮಾತಿನ ಹಿಂದೆ ಎಷ್ಟು ವಿಚಾರಗಳು ಅಡಗಿರುತ್ತವೆ ಎಂಬುದನ್ನು ಹೊರಡುವವರೂ ಕಳುಹಿಸುವವರೂ ಅರಿತಿರುವುದು ಮೇಲು.

ಹಿಂದಿನವರ ಬಿಡಾರಗಳು

ಬಿಡಾರ ಹೂಡುವ ವಿದ್ಯೆಯಲ್ಲಿ ಗುಬ್ಬಿಯನ್ನು ಮೀರಿಸಿದ ಊರು ಕನ್ನಡ ನಾಡಿನಲ್ಲಿ ಇನ್ನೊಂದಿಲ್ಲವೆನ್ನಬಹುದು. 1884ರಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ಒಡೆತನದಲ್ಲಿ ಹೆಸರುವಾಸಿಯಾದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಊರಿಂದೂರಿಗೆ ಮೊಕ್ಕಾಂ ಬದಲಿಸುತ್ತಲೇ ಬಾಳಿತು. ನಟರು, ನಟಿಯರು, ಹಾರ್ಮೋನಿಯಂ ಮೇಷ್ಟರು, ಪರದೆ ಬರೆಯುವವರು, ಅಡುಗೆಯವರು, ಮಕ್ಕಳು ಮರಿಗಳು ಎಲ್ಲರೂ ‘ಕಂಪನಿ ಮನೆ’ಯೆಂಬ ಒಂದೇ ಸೂರಿನಡಿ ಉಂಡು ಮಲಗಿದರು. ಹೊಸ ಊರನ್ನು ಕೆಲವೇ ದಿನಗಳಲ್ಲಿ ತಮ್ಮದಾಗಿಸಿಕೊಳ್ಳುವ ಗುಟ್ಟು ಅವರಿಗೆ ಗೊತ್ತಿತ್ತು. ಆ ಗುಟ್ಟು ಬಹು ಸರಳವಾದದ್ದು: ಒಲೆ ಮೊದಲು ಹೊತ್ತಬೇಕು, ಪಂಕ್ತಿಯಲ್ಲಿ ಎಲ್ಲರೂ ಕೂಡಿ ಊಟಮಾಡಬೇಕು, ಊರಿನ ನಾಲ್ಕು ಜನರ ಪರಿಚಯವನ್ನು ಬೇಗ ಸಂಪಾದಿಸಬೇಕು.

ಅದೇ ಗುಬ್ಬಿ ಮತ್ತೊಂದು ಬಗೆಯ ಬಿಡಾರವನ್ನೂ ಕಂಡಿದೆ. 1837ರ ಸುಮಾರಿನಲ್ಲಿ ಥಾಮಸ್ ಹಾಡ್ಸನ್ ಎಂಬ ವೆಸ್ಲಿಯನ್ ಪಾದ್ರಿಗಳು ಅಲ್ಲಿ ನೆಲಸಿದರು. 1839ರಲ್ಲಿ ಐರ್ಲೆಂಡಿನ ವಿಲಿಯಂ ಆರ್ಥರ್ ಎಂಬ ಇಪ್ಪತ್ತು ವರ್ಷದ ತರುಣನು ಅವರ ಬಳಿಗೆ ಬಂದು, ಗುಬ್ಬಿಯಲ್ಲಿದ್ದುಕೊಂಡೇ ಕನ್ನಡ ಕಲಿತನು. ದೇಹಸ್ಥಿತಿ ಕೆಟ್ಟದ್ದರಿಂದ 1841ರಲ್ಲಿ ಅವನು ತಾಯ್ನಾಡಿಗೆ ಹಿಂದಿರುಗಬೇಕಾಯಿತು. ಆದರೂ 1847ರಲ್ಲಿ ಮೈಸೂರು ಸೀಮೆಯ ಅನುಭವಗಳನ್ನು ಒಂದು ಗ್ರಂಥವಾಗಿಯೇ ಬರೆದು ಪ್ರಕಟಿಸಿದನು. ಇಂದು ಗುಬ್ಬಿಯ ತರುಣರು ಐರ್ಲೆಂಡಿನಲ್ಲಿ ಮನೆ ಹುಡುಕುವರು. ಅಂದು ಐರ್ಲೆಂಡಿನ ತರುಣನಿಗೆ ಗುಬ್ಬಿಯೇ ಹೊರನಾಡಾಗಿತ್ತು. ಒಬ್ಬರ ಪರದೇಶ ಇನ್ನೊಬ್ಬರ ಹುಟ್ಟೂರು ಎಂಬ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಅರ್ಧ ಅಂಜಿಕೆ ಕಡಿಮೆಯಾಗುತ್ತದೆ. ಮನುಷ್ಯರಷ್ಟೇ ಏಕೆ? ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲಿನ ಕುದುರೆ ಫಾರಂಗೆ ಸಮುದ್ರದಾಚೆಯಿಂದ ಬಂದ ಬೀಜದ ಕುದುರೆಗಳೂ ಇಲ್ಲಿಯ ಹುಲ್ಲಿಗೆ, ಇಲ್ಲಿಯ ಬಿಸಿಲಿಗೆ ಒಗ್ಗಿಕೊಂಡೇ ಬಾಳಿದವು.

ತುಮಕೂರಿನಿಂದ ಹೊರಗೆ ಹೋದವರಲ್ಲಿ ಜಗದ್ವಿಖ್ಯಾತರಾದವರು ರಾಜಾ ರಾಮಣ್ಣನವರು. 1925ರ ಜನವರಿ 28ರಂದು ತುಮಕೂರು ಜಿಲ್ಲೆಯಲ್ಲಿ ಜನಿಸಿದ ಅವರು, ಎರಡನೆಯ ಮಹಾಯುದ್ಧ ಮುಗಿದ ಬೆನ್ನಲ್ಲೇ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ತೆರಳಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಆಗಿನ ಲಂಡನ್ನು ಬಿಡಾರ ಹೂಡುವವರಿಗೆ ಸುಲಭವಾದ ಊರಾಗಿರಲಿಲ್ಲ. ಬಾಂಬಿನ ದಾಳಿಯಿಂದ ಲಕ್ಷಗಟ್ಟಲೆ ಮನೆಗಳು ಜಖಂಗೊಂಡಿದ್ದವು. ಯುದ್ಧಕಾಲದಲ್ಲಿಯೂ ಇಲ್ಲದಿದ್ದ ಬ್ರೆಡ್ಡಿನ ಪಡಿತರ 1946ರ ಜುಲೈಯಲ್ಲಿ ಆರಂಭವಾಗಿ 1948ರ ಜುಲೈವರೆಗೂ ನಡೆಯಿತು. ಮಾಂಸದ ಪಡಿತರ ನಿಂತದ್ದು 1954ರಲ್ಲಿ. ಶಾಕಾಹಾರಿಯೆಂದು ಹೆಸರು ನೋಂದಾಯಿಸಿದವರಿಗೆ ಮಾಂಸದ ಪಾಲಿಗೆ ಬದಲಾಗಿ ಚೀಸು ಹೆಚ್ಚಾಗಿ ದೊರೆಯುತ್ತಿತ್ತು. 1947ರ ಚಳಿಗಾಲವಂತೂ ಭೀಕರವಾಗಿತ್ತು. ಕಲ್ಲಿದ್ದಲಿನ ಅಭಾವದಿಂದ ಮನೆಗಳಿಗೆ ಹಗಲು ಹಲವು ಗಂಟೆಗಳ ಕಾಲ ವಿದ್ಯುತ್ತನ್ನೇ ನಿಲ್ಲಿಸಲಾಯಿತು. ಬಾಡಿಗೆಯ ಕೋಣೆಗಳಲ್ಲಿ ನಾಣ್ಯ ಹಾಕಿದರೆ ಉರಿಯುವ ಗ್ಯಾಸಿನ ಮೀಟರುಗಳಿದ್ದವು. ಜೇಬಿನಲ್ಲಿ ಚಿಲ್ಲರೆ ಇಲ್ಲದ ರಾತ್ರಿ ಶಾಖವೂ ಇಲ್ಲ.

ಅದಕ್ಕಿಂತ ತಣ್ಣನೆಯದು ಮತ್ತೊಂದಿತ್ತು. ಕರಿಯ ಬಣ್ಣದವರಿಗೆ ಕೋಣೆ ಕೊಡುವುದಿಲ್ಲವೆಂಬ ಫಲಕವನ್ನು ಆ ದಿನಗಳಲ್ಲಿ ಮನೆಯ ಕಿಟಕಿಗೆ ನಾಚಿಕೆಯಿಲ್ಲದೆ ತೂಗುಹಾಕಬಹುದಾಗಿತ್ತು. ಬಾಡಿಗೆಯ ವಿಷಯದಲ್ಲಿ ವರ್ಣಭೇದ ಮಾಡುವುದನ್ನು ಬ್ರಿಟನ್ನಿನ ಕಾನೂನು ನಿಷೇಧಿಸಿದ್ದು 1968ರಲ್ಲಿ. ಅಮೆರಿಕೆಯೂ ಅದೇ ವರ್ಷದ ಏಪ್ರಿಲಿನಲ್ಲಿ ಅಂಥದೇ ಕಾನೂನು ಮಾಡಿತು. 1965ರ ವಲಸೆ ಕಾನೂನು ಅಮೆರಿಕೆಯ ಬಾಗಿಲನ್ನು ಭಾರತೀಯರಿಗೆ ತೆರೆದರೆ, ಈ 1968ರ ಕಾನೂನು ಅಲ್ಲಿಯ ಮನೆಗಳ ಬಾಗಿಲನ್ನು ತೆರೆಯಿತು. ಇಂದು ಅಲ್ಲಿ ಮನೆ ಹುಡುಕುವ ನಮ್ಮ ತರುಣನಿಗೆ ಹೆಸರು, ಬಣ್ಣ, ಜಾತಿಮತ ನೋಡಿ ‘ಇಲ್ಲ’ವೆಂದರೆ ದೂರುವ ಹಕ್ಕಿದೆ. ಆ ಹಕ್ಕನ್ನು ಮೊದಲಿನವರು ಅವಮಾನದ ಬೆಲೆ ತೆತ್ತು ಗಳಿಸಿಕೊಟ್ಟರೆಂಬುದನ್ನು ಮರೆಯತಕ್ಕದ್ದಲ್ಲ.

ಮೊದಲು ಕಾಗದ

ನಮ್ಮಲ್ಲಿ ಬಾಡಿಗೆಯ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯಿದೆಯಂತೆ ದಾಖಲು ಮಾಡಿಸಬೇಕಾದ್ದರಿಂದ ಈ ಹನ್ನೊಂದರ ಲೆಕ್ಕ ಬಂದಿದೆ. ಛಾಪಾ ಕಾಗದದ ಮೇಲೆ ಎರಡು ಸಹಿ, ಕೈಗೆ ಅಡ್ವಾನ್ಸು, ಉಳಿದದ್ದೆಲ್ಲ ಬಾಯಿಮಾತು. ಹೊರನಾಡಿನಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ. ಕರಾರು ಇಪ್ಪತ್ತು ಮೂವತ್ತು ಪುಟಗಳಾದರೂ ಆಶ್ಚರ್ಯವಿಲ್ಲ. ಅದರಲ್ಲಿರುವ ಪ್ರತಿಯೊಂದು ಸಾಲಿಗೂ ಬಲವಿದೆ. ಗೋಡೆಗೆ ಮೊಳೆ ಹೊಡೆಯಬಹುದೇ, ಅತಿಥಿಗಳು ಎಷ್ಟು ದಿನ ತಂಗಬಹುದು, ಅವಧಿಗೆ ಮುಂಚೆ ಬಿಟ್ಟರೆ ಎಷ್ಟು ತೆರಬೇಕು—ಇವೆಲ್ಲವೂ ಅಲ್ಲಿಯೇ ಬರೆದಿರುತ್ತವೆ. ಊರಿನಿಂದ ಅತ್ತೆ ಮಾವಂದಿರು ನಾಲ್ಕು ತಿಂಗಳು ಬಂದಿರಲೆಂದು ಆಸೆಪಡುವ ದಂಪತಿಗಳು ಅತಿಥಿಗಳ ಕುರಿತಾದ ಸಾಲನ್ನು ಸಹಿ ಹಾಕುವ ಮೊದಲೇ ಓದಿಕೊಳ್ಳಬೇಕು.

ಅಮೆರಿಕೆಗೆ ಹೊಸದಾಗಿ ಹೋದವರಿಗೆ ಎದುರಾಗುವ ಮೊದಲ ತೊಡಕೆಂದರೆ ಸಾಲದ ಚರಿತ್ರೆ. ತುಮಕೂರಿನಲ್ಲಿ ಯಾರಿಗೂ ಒಂದು ಕಾಸು ಸಾಲ ಉಳಿಸಿಕೊಳ್ಳದವನು ಮರ್ಯಾದಸ್ಥ. ಅಲ್ಲಿ ಸಾಲವನ್ನೇ ಮಾಡದವನ ವಿಷಯದಲ್ಲಿ ಮನೆಯೊಡೆಯನಿಗೆ ಏನೂ ತಿಳಿಯುವಂತಿಲ್ಲ. ಸಾಲ ಮಾಡಿ ಕಾಲಕ್ಕೆ ಸರಿಯಾಗಿ ತೀರಿಸಿದ ದಾಖಲೆಯೇ ನಂಬಿಕೆಗೆ ಆಧಾರ. ಆದ್ದರಿಂದ ಮೊದಲ ವರ್ಷ ಹೆಚ್ಚಿನ ಠೇವಣಿಯನ್ನೋ ಜಾಮೀನುದಾರರನ್ನೋ ಕೇಳುವುದುಂಟು. ಉದ್ಯೋಗ ಕೊಟ್ಟ ಸಂಸ್ಥೆಯ ಪತ್ರವನ್ನು ಕೈಯಲ್ಲಿಟ್ಟುಕೊಂಡು ಹೋಗುವುದು ಲೇಸು.

ಠೇವಣಿಯ ವಿಷಯದಲ್ಲಿ ಒಂದೊಂದು ದೇಶದ ನ್ಯಾಯ ಒಂದೊಂದು ಬಗೆ. ಇಂಗ್ಲೆಂಡಿನಲ್ಲಿ 2007ರಿಂದ ಮನೆಯೊಡೆಯನು ಬಾಡಿಗೆದಾರನ ಠೇವಣಿಯನ್ನು ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯೊಂದರಲ್ಲಿ ಇಡಲೇಬೇಕು. 2019ರ ಜೂನ್ 1ರಿಂದ, ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯಿದ್ದರೆ ಐದು ವಾರಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. ಜರ್ಮನಿಯಲ್ಲಿ ಮಿತಿ ಮೂರು ತಿಂಗಳ ಬಾಡಿಗೆ. ಶಾಖ ಮತ್ತು ನೀರಿನ ವೆಚ್ಚವನ್ನು ಆ ಲೆಕ್ಕಕ್ಕೆ ಸೇರಿಸುವಂತಿಲ್ಲ, ಮೊತ್ತವನ್ನು ಮೂರು ಕಂತುಗಳಲ್ಲಿ ಕೊಡುವ ಹಕ್ಕೂ ಬಾಡಿಗೆದಾರನಿಗಿದೆ. ಅಲ್ಲಿ ಮನೆ ಹೊಕ್ಕ ಎರಡು ವಾರಗಳೊಳಗೆ ಪೌರ ಕಚೇರಿಯಲ್ಲಿ ವಿಳಾಸವನ್ನು ನೋಂದಾಯಿಸದಿದ್ದರೆ ಮುಂದಿನ ಕೆಲಸಗಳೆಲ್ಲ ನಿಂತುಹೋಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಬಹುಪಾಲು ಮನೆಯೊಡೆಯರು ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ. ಮನೆ ಬಿಟ್ಟ 21 ದಿನಗಳೊಳಗೆ ಅದನ್ನು ಹಿಂದಿರುಗಿಸಬೇಕು, ಮುರಿದುಕೊಂಡಿದ್ದರೆ ಲೆಕ್ಕ ಕೊಡಬೇಕು.

ಈ ಹಣ ಮರಳಿ ಬರಬೇಕಾದರೆ ಒಂದು ಉಪಾಯವುಂಟು. ಸಾಮಾನು ಇಳಿಸುವ ಮೊದಲೇ, ಮನೆ ಬರಿದಾಗಿರುವಾಗ, ಗೋಡೆಯ ಗೀರು, ನೆಲಗಂಬಳಿಯ ಕಲೆ, ಒಲೆಯ ಒಳಗು, ನಲ್ಲಿಯ ಸೋರಿಕೆ ಇವೆಲ್ಲದರ ಛಾಯಾಚಿತ್ರ ತೆಗೆದು, ತಾರೀಕು ಸಹಿತ ಮನೆಯೊಡೆಯನಿಗೆ ಕಳುಹಿಸಿಬಿಡಬೇಕು. ಒಂದು ಗಂಟೆಯ ಈ ಕೆಲಸವು ಒಂದು ತಿಂಗಳ ಬಾಡಿಗೆಯನ್ನು ಉಳಿಸಿಕೊಡಬಲ್ಲುದು.

ಇನ್ನೊಂದು ಎಚ್ಚರಿಕೆ. ಊರಿನಲ್ಲಿ ಕುಳಿತೇ ಕಂಪ್ಯೂಟರಿನ ಪರದೆಯ ಮೇಲೆ ಮನೆ ನೋಡಿ, ‘ಬೇಡಿಕೆ ಹೆಚ್ಚಾಗಿದೆ, ಇಂದೇ ಹಣ ಕಳುಹಿಸಿ’ ಎಂಬ ಮಾತಿಗೆ ಮರುಳಾಗಿ ಕಳೆದುಕೊಂಡವರುಂಟು. ಚಿತ್ರದಲ್ಲಿರುವ ಮನೆ ನಿಜವಾಗಿಯೂ ಇರಬಹುದು. ಆದರೆ ಹಣ ಕೇಳುವವನು ಅದರ ಒಡೆಯನಾಗಿರಬೇಕೆಂಬ ನಿಯಮವೇನಿಲ್ಲ. ಮೊದಲ ಕೆಲವು ವಾರ ಪರಿಚಿತರ ಮನೆಯಲ್ಲೋ ತಾತ್ಕಾಲಿಕ ವಸತಿಯಲ್ಲೋ ಇದ್ದು, ಕಣ್ಣಾರೆ ನೋಡಿದ ಮೇಲೆ ಹಣ ಕೊಡುವುದೇ ವಿವೇಕ. ತೋಟದ ಕಾಯಿ ಮಾರಿ ಕೂಡಿಟ್ಟ ದುಡ್ಡು ಹೀಗೆ ಹೋದರೆ ಅದರ ನೋವು ಎರಡು ದೇಶಗಳಲ್ಲಿ ಏಕಕಾಲಕ್ಕೆ ಉಂಟಾಗುತ್ತದೆ.

ಕಾಗದದ ಕೆಲಸ ಮುಗಿದ ಮೇಲೆ ಉಳಿಯುವುದು ಪಂಚಭೂತಗಳೊಡನೆ ವ್ಯವಹಾರ. ಹಿರಿಯರು ಹೇಳಿದ ಆ ಐದು ಸಾಮಗ್ರಿಗಳು ತುಮಕೂರಿನ ಮನೆಯಲ್ಲಿ ಒಂದು ಬಗೆಯಾಗಿ ನಡೆದುಕೊಂಡರೆ ಹೊರನಾಡಿನ ಮನೆಯಲ್ಲಿ ಬೇರೆ ಬಗೆಯಾಗಿ ನಡೆದುಕೊಳ್ಳುತ್ತವೆ.

ಅಗ್ನಿ

ಹೊಸ ಗೃಹಿಣಿ ಸಾಸಿವೆ, ಕರಿಬೇವು, ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದ ಕ್ಷಣವೇ ಚಾವಣಿಯಿಂದ ಕರ್ಣಕಠೋರವಾದ ಕೂಗು ಎದ್ದೇಳುವುದು ಹೊರನಾಡಿನ ಮನೆಗಳಲ್ಲಿ ಸರ್ವಸಾಧಾರಣ. ಅದು ಹೊಗೆಯನ್ನು ಕಂಡುಹಿಡಿಯುವ ಯಂತ್ರ. ಇಂಗ್ಲೆಂಡಿನಲ್ಲಿ 2015ರಿಂದ ಬಾಡಿಗೆಯ ಮನೆಯ ಪ್ರತಿಯೊಂದು ಅಂತಸ್ತಿನಲ್ಲಿಯೂ ಅದು ಇರಲೇಬೇಕೆಂದು ವಿಧಿಸಲಾಗಿದೆ. ಅದಕ್ಕೆ ಬಟ್ಟೆ ಕಟ್ಟುವುದು, ಬ್ಯಾಟರಿ ಕಳಚಿಡುವುದು—ಇಂತಹ ಉಪಾಯಗಳನ್ನು ಮಾಡಲೇಕೂಡದು. ಅಮೆರಿಕೆಯಲ್ಲಿ ಎಷ್ಟೋ ವಸತಿಗೃಹಗಳ ಚೌಕಟ್ಟೇ ಮರದ್ದು. ಒಂದು ಮನೆಯ ಬೆಂಕಿ ಮೂವತ್ತು ಮನೆಯ ಬೆಂಕಿಯಾಗಬಹುದು. ಒಗ್ಗರಣೆಗೆ ಮೊದಲು ಕಿಟಕಿ ತೆರೆದು, ಹೊಗೆ ಎಳೆಯುವ ಪಂಖ ಹಾಕಿ, ಉರಿ ಸಣ್ಣದು ಮಾಡಿಕೊಳ್ಳುವುದೇ ಸರಿಯಾದ ದಾರಿ. ಆ ಪಂಖದಲ್ಲಿಯೂ ಒಂದು ಮೋಸವಿದೆ: ಕೆಲವು ಪಂಖಗಳು ಹೊಗೆಯನ್ನು ಹೊರಕ್ಕೆ ಕಳುಹಿಸದೆ, ಜಾಲರಿಯ ಮೂಲಕ ಸೋಸಿ ಮತ್ತೆ ಅಡುಗೆಯ ಮನೆಗೇ ಬಿಡುತ್ತವೆ. ಮನೆ ನೋಡಲು ಹೋದಾಗಲೇ ಇದನ್ನು ವಿಚಾರಿಸಿಕೊಳ್ಳತಕ್ಕದ್ದು. ದೀಪ, ಊದುಬತ್ತಿಗಳನ್ನು ಕುರಿತೂ ಕರಾರಿನಲ್ಲಿ ನಿಷೇಧವಿರಬಹುದು. ಹಾಗಿದ್ದಲ್ಲಿ ದೇವರ ಮುಂದೆ ಪುಟ್ಟ ವಿದ್ಯುದ್ದೀಪವನ್ನಿಟ್ಟು ತೃಪ್ತಿಪಡಬೇಕು.

ಅಗ್ನಿಯ ಇನ್ನೊಂದು ರೂಪ ವಿದ್ಯುತ್ತು. ನಮ್ಮ ಮನೆಗಳಲ್ಲಿ ಹರಿಯುವುದು 230 ವೋಲ್ಟು, ಸೆಕೆಂಡಿಗೆ 50 ಆವರ್ತನ. ಇಂಗ್ಲೆಂಡು, ಜರ್ಮನಿಗಳಲ್ಲಿಯೂ ಹೆಚ್ಚುಕಡಿಮೆ ಅದೇ. ಪ್ಲಗ್ಗಿನ ಆಕಾರ ಮಾತ್ರ ಬೇರೆ. ಅಮೆರಿಕೆಯಲ್ಲಿ 120 ವೋಲ್ಟು, 60 ಆವರ್ತನ. ಅಮ್ಮ ಅಕ್ಕರೆಯಿಂದ ಪೆಟ್ಟಿಗೆಯಲ್ಲಿ ತುರುಕಿ ಕಳುಹಿಸಿದ ಮಿಕ್ಸರು ಅಲ್ಲಿ ನರಳುತ್ತದೆಯೇ ಹೊರತು ಅರೆಯುವುದಿಲ್ಲ. ಶಾಖ ಕೊಡುವ ಉಪಕರಣವಾದರೆ ಊರಿನಲ್ಲಿ ಕೊಡುತ್ತಿದ್ದುದರ ಸುಮಾರು ಕಾಲುಭಾಗ ಶಾಖವನ್ನಷ್ಟೇ ಕೊಡುತ್ತದೆ. ಅದೇ ಅಮೆರಿಕೆಯಲ್ಲಿ ಕೊಂಡದ್ದನ್ನು ತುಮಕೂರಿಗೆ ತಂದು ಚುಚ್ಚಿದರೆ ಸುಟ್ಟುಹೋದೀತು. 110 ವೋಲ್ಟಿಗೆಂದೇ ತಯಾರಾದ ಮಿಕ್ಸರು, ಗ್ರೈಂಡರುಗಳು ನಮ್ಮಲ್ಲಿ ದೊರೆಯುತ್ತವೆ. ಅಮೆರಿಕೆಗೆ ಹೊರಡುವವರು ಅವನ್ನು ಕೇಳಿ ಕೊಳ್ಳಬೇಕು.

ಜಲ

ನಮ್ಮ ಬಚ್ಚಲುಮನೆಯ ಧರ್ಮವೇ ನೀರು ಚೆಲ್ಲುವುದು. ಹಂಡೆಯಿಂದ ಮೊಗೆಮೊಗೆದು ಹೊಯ್ದುಕೊಂಡರೂ ಮೂಲೆಯ ಮೋರಿ ಎಲ್ಲವನ್ನೂ ನುಂಗುತ್ತದೆ. ಅಮೆರಿಕೆ ಮತ್ತು ಯೂರೋಪಿನ ಬಹುಪಾಲು ಮನೆಗಳಲ್ಲಿ ತೊಟ್ಟಿಯ ಹೊರಗಿನ ನೆಲಕ್ಕೆ ಮೋರಿಯೇ ಇರುವುದಿಲ್ಲ. ಹೊರಗೆ ಬಕೆಟ್ಟು ಇಟ್ಟುಕೊಂಡು ಸ್ನಾನಮಾಡಿದರೆ ಆ ನೀರು ಹಲಗೆಯ ಸಂದಿಯಲ್ಲಿಳಿದು ಕೆಳಗಿನ ಮನೆಯವರ ಚಾವಣಿಯಲ್ಲಿ ಪ್ರತ್ಯಕ್ಷವಾಗುತ್ತದೆ. ಆ ಚಾವಣಿಯ ದುರಸ್ತಿಯ ವೆಚ್ಚ ಮೇಲಿನವರ ತಲೆಗೆ ಬರಬಹುದು. ತೊಟ್ಟಿಯ ಪರದೆಯನ್ನು ಒಳಕ್ಕೆ ಬಿಟ್ಟುಕೊಂಡು, ತೊಟ್ಟಿಯೊಳಗೇ ಸ್ನಾನ ಮುಗಿಸುವ ಅಭ್ಯಾಸವನ್ನು ಮೊದಲ ದಿನವೇ ಮಾಡಿಕೊಳ್ಳಬೇಕು; ಊರಿನಿಂದ ಬರುವ ಹಿರಿಯರಿಗೂ ವಿಮಾನದಿಂದಿಳಿದ ದಿನವೇ ವಿನಯದಿಂದ ತಿಳಿಸಬೇಕು. ಬಾಡಿಗೆದಾರರಿಗೆಂದೇ ಇರುವ ವಿಮೆಯನ್ನು ಮಾಡಿಸಿದವರು ಇಂತಹ ಆಪತ್ತಿನಲ್ಲಿ ಪಾರಾಗುವ ಸಂಭವ ಹೆಚ್ಚು. ಯಾವುದಕ್ಕೆ ಪರಿಹಾರವುಂಟು, ಯಾವುದಕ್ಕೆ ಇಲ್ಲವೆಂಬುದನ್ನು ಮಾತ್ರ ಮೊದಲೇ ಓದಿಕೊಂಡಿರಬೇಕು.

ತೆಂಗಿನ ಸೀಮೆಯಿಂದ ಹೋದವರಿಗೆ ಒಂದು ವಿಶೇಷ ಸೂಚನೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಾಗಿಯಲ್ಲಿ ತುಮಕೂರಿನ ಸೀಸೆಯಲ್ಲಿಯೂ ಅದು ಬೆಣ್ಣೆಯಂತಾಗುವುದನ್ನು ಎಲ್ಲರೂ ಕಂಡಿದ್ದಾರೆ. ಚಳಿದೇಶದಲ್ಲಿ ಅಭ್ಯಂಜನದ ಎಣ್ಣೆಯೂ ಬಾಣಲೆಯ ಎಣ್ಣೆಯೂ ಕೊಳವೆಯೊಳಗಿಳಿದು ಅಲ್ಲಿಯೇ ಗಟ್ಟಿಯಾಗಿ, ಅದಕ್ಕೆ ಕೂದಲೂ ಅನ್ನದಗುಳೂ ಸೇರಿ ದಾರಿ ಕಟ್ಟಿಕೊಳ್ಳುತ್ತದೆ. ಪಾತ್ರೆಯ ಜಿಡ್ಡನ್ನು ಕಾಗದದಿಂದ ಒರಸಿ ಕಸಕ್ಕೆ ಹಾಕಿದ ಮೇಲೆ ತೊಳೆಯುವುದು ಕ್ಷೇಮ. ಅಭ್ಯಂಜನವನ್ನು ಬಿಡಬೇಕಾಗಿಲ್ಲ, ತಲೆಗೆ ಹೊಯ್ಯುವ ಎಣ್ಣೆಯ ಪ್ರಮಾಣ ಕಡಿಮೆಮಾಡಿದರಾಯಿತು.

ವಾಯು

ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿರುವ ತುಮಕೂರಿನಲ್ಲಿ ವರ್ಷದ ಹನ್ನೆರಡು ತಿಂಗಳೂ ಕಿಟಕಿ ತೆರೆದಿಡಬಹುದು. ಚಳಿದೇಶದ ಮನೆಯಾದರೋ ಶಾಖ ಹೊರಹೋಗದಂತೆ ಬಿಗಿಯಾಗಿ ಮುಚ್ಚಿದ ಡಬ್ಬಿ. ಅದರೊಳಗೆ ಅನ್ನ ಸಾರು ಬೇಯಿಸಿ, ಬಿಸಿನೀರಿನ ಸ್ನಾನಮಾಡಿ, ಒದ್ದೆ ಬಟ್ಟೆಗಳನ್ನು ಕೋಣೆಯಲ್ಲೇ ಹರವಿದರೆ ಆ ಹಬೆಯೆಲ್ಲ ತಣ್ಣನೆಯ ಗೋಡೆಯ ಮೇಲೆ ನೀರಾಗಿ ಕೂಡುತ್ತದೆ. ಕೆಲವೇ ವಾರಗಳಲ್ಲಿ ಮಂಚದ ಹಿಂದೆ, ಕಿಟಕಿಯ ಮೂಲೆಯಲ್ಲಿ ಕಪ್ಪು ಬೂಷ್ಟು ಕಾಣಿಸಿಕೊಳ್ಳುತ್ತದೆ. ಮಕ್ಕಳ ಕೆಮ್ಮು ದಮ್ಮುಗಳಿಗೆ ಅದು ಕಾರಣವಾಗಬಲ್ಲುದು. ಠೇವಣಿಗೂ ಅದು ಶತ್ರು. ಜರ್ಮನರು ಇದನ್ನು ಚೆನ್ನಾಗಿ ಅರಿತಿದ್ದಾರೆ. ಕೊರೆಯುವ ಚಳಿಯಲ್ಲಿಯೂ ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಕಿಟಕಿಗಳನ್ನು ಅಗಲವಾಗಿ ತೆರೆದು ಗಾಳಿ ಬದಲಿಸುವುದು ಅಲ್ಲಿ ಮನೆವಾರ್ತೆಯ ನಿತ್ಯಕರ್ಮ. ಎಷ್ಟೋ ಬಾಡಿಗೆ ಕರಾರುಗಳಲ್ಲಿ ಅದನ್ನು ಬರೆದೇ ಇರುತ್ತಾರೆ. ಗೋಡೆ ಬೇಗ ತಣ್ಣಗಾಗುವುದಿಲ್ಲವಾದ್ದರಿಂದ ಗಾಳಿ ಹೊಸದಾದರೂ ಕೋಣೆ ಮತ್ತೆ ಬೇಗ ಬೆಚ್ಚಗಾಗುತ್ತದೆ.

ಆಕಾಶ

ಆಕಾಶದ ಗುಣ ಶಬ್ದವೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ. ಹೊರನಾಡಿನ ಅಪಾರ್ಟ್‌ಮೆಂಟಿನಲ್ಲಿ ಈ ಗುಣದ ಪರಿಚಯ ಬಹು ಬೇಗ ಆಗುತ್ತದೆ. ಮರದ ನೆಲದ ಮೇಲೆ ಮಗು ಓಡಿದರೆ ಕೆಳಗಿನವರಿಗೆ ಗುಡುಗಿದಂತೆ ಕೇಳುತ್ತದೆ. ಗ್ರೈಂಡರಿನ ಗುರುಗುಟ್ಟುವಿಕೆ, ಬೆಳಗಿನ ಕುಕ್ಕರಿನ ಸೀಟಿ ಇವೆಲ್ಲ ಗೋಡೆಯಾಚೆಗೆ ದಾಟುತ್ತವೆ. ಜರ್ಮನಿಯಲ್ಲಿ ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಗಿನ 6ರವರೆಗೂ, ಭಾನುವಾರ ಇಡೀ ದಿನವೂ ಸದ್ದುಗದ್ದಲ ಮಾಡಕೂಡದು. ಭಾನುವಾರ ಗೋಡೆಗೆ ಮೊಳೆ ಹೊಡೆದವನು ನೆರೆಯವರ ಪ್ರೀತಿಯನ್ನು ಅಂದೇ ಕಳೆದುಕೊಂಡಂತೆ. ಗ್ರೈಂಡರಿನ ಕೆಳಗೆ ದಪ್ಪನೆಯ ರಬ್ಬರು ಚಾಪೆ, ಮಕ್ಕಳು ಆಡುವ ಕಡೆ ಜಮಖಾನ, ಹಬ್ಬದ ದಿನ ನಾಲ್ಕು ಜನ ಸೇರುವುದಾದರೆ ನೆರೆಯವರಿಗೆ ಮುಂಚಿತವಾಗಿ ಒಂದು ಚೀಟಿ ಮತ್ತು ಮರುದಿನ ಒಂದು ತಟ್ಟೆ ಸಿಹಿ. ಇಷ್ಟು ಮಾಡಿದರೆ ದೂರು ಬರುವುದರ ಬದಲು ಸ್ನೇಹ ಬರುವುದುಂಟು.

ಆದರೆ ಸದ್ದಿಗಿಂತ ನಿಶ್ಶಬ್ದವೇ ಹೆಚ್ಚು ಕಠಿಣವಾದದ್ದು. ಗಂಡ ಬೆಳಗ್ಗೆ ಕೆಲಸಕ್ಕೆ ಹೋದ ಮೇಲೆ ಸಂಜೆಯವರೆಗೂ ಮನೆಯಲ್ಲಿ ಒಬ್ಬಳೇ ಉಳಿಯುವ ಹೆಣ್ಣುಮಗಳ ಪಾಡನ್ನು ನೆನೆಯಬೇಕು. ಅವಳು ಓದಿದವಳೇ, ಊರಿನಲ್ಲಿ ಉದ್ಯೋಗ ಮಾಡುತ್ತಿದ್ದವಳೇ ಇರಬಹುದು. ಆದರೆ ಸಂಗಾತಿಯ ಆಶ್ರಿತಳಾಗಿ ಹೋದವಳಿಗೆ ಉದ್ಯೋಗದ ಅನುಮತಿ ಕೆಲವು ದೇಶಗಳಲ್ಲಿ ಒಡನೆ ದೊರೆಯುವುದಿಲ್ಲ. ಮಧ್ಯಾಹ್ನ ಅಮ್ಮನೊಡನೆ ಮಾತಾಡೋಣವೆಂದರೆ ಅಲ್ಲಿ ಆಗಲೇ ಸರಿರಾತ್ರಿ. ನಮ್ಮ ಗಡಿಯಾರ ಚಳಿಗಾಲದಲ್ಲಿ ಲಂಡನ್ನಿಗಿಂತ ಐದೂವರೆ ಗಂಟೆ, ನ್ಯೂಯಾರ್ಕಿಗಿಂತ ಹತ್ತೂವರೆ ಗಂಟೆ, ಕ್ಯಾಲಿಫೋರ್ನಿಯಾಗಿಂತ ಹದಿಮೂರೂವರೆ ಗಂಟೆ ಮುಂದೆ. ಬೇಸಿಗೆಯಲ್ಲಿ ಈ ಅಂತರ ಒಂದೊಂದು ಗಂಟೆ ಕಡಿಮೆಯಾಗುತ್ತದೆ. ಹಾಗಾಗಿ ಅವಳು “ಚೆನ್ನಾಗಿದ್ದೇನಮ್ಮಾ” ಎಂದು ಹೇಳುವ ಹೊತ್ತು ಅಮ್ಮನ ಕಾಫಿಯ ಹೊತ್ತಾಗಿರುತ್ತದೆಯೇ ಹೊರತು ಅವಳ ಅಳುವಿನ ಹೊತ್ತಾಗಿರುವುದಿಲ್ಲ. ಗಂಡನಾದವನು ಮನೆಗೆ ಬೇಕಾದ ಮೊದಲ ಪೀಠೋಪಕರಣ ಸೋಫಾ ಅಲ್ಲ, ಹೆಂಡತಿಗೆ ಒಬ್ಬ ಗೆಳತಿ ಎಂಬುದನ್ನು ಅರಿತುಕೊಳ್ಳಬೇಕು. ಊರಿನ ಗ್ರಂಥಾಲಯದ ಚೀಟಿ, ಬಸ್ಸಿನ ಪಾಸು, ಸಾಧ್ಯವಿದ್ದಲ್ಲಿ ಕಾರು ನಡೆಸುವ ಪರವಾನಗಿ, ಬ್ಯಾಂಕಿನ ಖಾತೆಯಲ್ಲಿ ಅವಳ ಹೆಸರು: ಇವು ಮೊದಲ ತಿಂಗಳ ಕೆಲಸಗಳು.

ಇಲ್ಲಿಯೇ ಕನ್ನಡ ಕೂಟಗಳು ನೆರವಿಗೆ ಬರುತ್ತವೆ. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರಲ್ಲಿ, ಬ್ರಿಟನ್ನಿನ ಕನ್ನಡ ಬಳಗ 1983ರಲ್ಲಿ ಹುಟ್ಟಿದವು. ಅಮೆರಿಕೆಯ ಕೂಟಗಳೆಲ್ಲ ಸೇರಿ ‘ಅಕ್ಕ’ ಎಂಬ ಒಕ್ಕೂಟವನ್ನು 1998ರಲ್ಲಿ ಕಟ್ಟಿಕೊಂಡವು. ಯುಗಾದಿ, ರಾಜ್ಯೋತ್ಸವಗಳ ಸಮಾರಂಭ ಹೊರಗೆ ಕಾಣುವ ಭಾಗ ಮಾತ್ರ. ಹೊಸಬರಿಗೆ ಹಳೆಯ ಮೇಜು ಕೊಡುವುದು, ಮಗುವಿನ ವೈದ್ಯರ ಹೆಸರು ಹೇಳುವುದು, ರಾಗಿ ಹಿಟ್ಟು ಎಲ್ಲಿ ಸಿಗುತ್ತದೆಂದು ತಿಳಿಸುವುದು—ಇದೇ ಅವುಗಳ ಒಳಗಿನ ಕೆಲಸ. ಹಿಂದೆ ‘ಕಂಪನಿ ಮನೆ’ಯ ಪಂಕ್ತಿ ಮಾಡುತ್ತಿದ್ದುದನ್ನು ಇಂದು ಈ ಕೂಟಗಳ ಊಟದ ಸಾಲು ಮಾಡುತ್ತಿದೆ.

ಪೃಥ್ವಿ

ಉಳಿದದ್ದು ಮಣ್ಣು. ಹೊರನಾಡಿನ ಮೂರನೆಯ ಅಂತಸ್ತಿನಲ್ಲಿ ಮಣ್ಣೆಂದರೆ ಕಿಟಕಿಯ ಕುಂಡದಲ್ಲಿರುವಷ್ಟೇ. ಅದರಲ್ಲಿ ಮೆಂತ್ಯ ಬೇಗ ಹುಟ್ಟುತ್ತದೆ. ಕರಿಬೇವು ಚಳಿಗೆ ಅಳುಕುತ್ತದೆ. ಅದನ್ನು ಬಿಸಿಲು ಬೀಳುವ ಒಳಗಿನ ಕಿಟಕಿಯ ಬಳಿ ಇಟ್ಟು ಕಾಪಾಡಬೇಕು. ಮುದ್ದೆಯ ಕೋಲಿಗಂತೂ ಯಾವ ದೇಶದ ಸುಂಕದವರೂ ಅಡ್ಡಿ ಮಾಡಿದಂತಿಲ್ಲ!

ಆದರೆ ನಿಜವಾದ ಪೃಥ್ವಿ ಉಳಿದಿರುವುದು ಗುಬ್ಬಿಯಲ್ಲಿ, ಕುಣಿಗಲಿನಲ್ಲಿ. ಅಡಿಕೆ ತೆಂಗಿನ ತೋಟ, ಪಾಲಿಗೆ ಬಂದ ಹೊಲ, ಹಿರಿಯರು ಕಟ್ಟಿದ ಮನೆ, ಅದರಲ್ಲಿ ಉಳಿದ ಇಬ್ಬರು ಅಥವಾ ಒಬ್ಬರೇ. ಹೊರನಾಡಿನಲ್ಲಿ ನೆಲಸಿದವರು ಭಾರತದಲ್ಲಿ ಮನೆ ನಿವೇಶನಗಳನ್ನು ಕೊಳ್ಳಬಹುದಾದರೂ ವ್ಯವಸಾಯದ ಭೂಮಿಯನ್ನು ಹೊಸದಾಗಿ ಕೊಳ್ಳಲು ವಿದೇಶೀ ವಿನಿಮಯದ ಕಾನೂನು ಸಾಮಾನ್ಯವಾಗಿ ಅನುಮತಿ ಕೊಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಆದ್ದರಿಂದ ತೋಟದ ಪಹಣಿ, ಖಾತೆ, ಉಯಿಲು, ಬ್ಯಾಂಕಿನ ನಾಮನಿರ್ದೇಶನ ಇವನ್ನೆಲ್ಲ ಹೊರಡುವ ಮೊದಲೇ ಸರಿಪಡಿಸಿಕೊಳ್ಳುವುದು ಅಣ್ಣತಮ್ಮಂದಿರ ನಡುವಿನ ಸೌಹಾರ್ದಕ್ಕೂ ಒಳ್ಳೆಯದು. ಕಾಗದಗಳಿಲ್ಲದೆ ಕೆಟ್ಟ ಮನೆತನಗಳ ಉದಾಹರಣೆ ಪ್ರತಿಯೊಂದು ತಾಲ್ಲೂಕಿನಲ್ಲಿಯೂ ದೊರೆಯುತ್ತದೆ.

ಹಿರಿಯರನ್ನು ಕರೆಸಿಕೊಳ್ಳುವುದೂ ಈ ಬಿಡಾರದ ಒಂದು ಭಾಗವೇ. ಅಮೆರಿಕೆಗೆ ಪ್ರವಾಸಿಗಳಾಗಿ ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಅವಕಾಶ ಸಿಗುತ್ತದೆ. ಅಲ್ಲಿಯ ವೈದ್ಯರ ವೆಚ್ಚ ಅಸಾಧ್ಯವಾದ್ದರಿಂದ ವಿಮೆಯಿಲ್ಲದೆ ವಿಮಾನ ಹತ್ತಿಸಲೇಬಾರದು. ಮಕ್ಕಳ ಮನೆಗೆ ಹೋದ ವೃದ್ಧರು ಕಿಟಕಿಯ ಬಳಿ ಸುಮ್ಮನೆ ಕೂತಿರಬೇಕೆಂಬ ನಿಯಮವೇನೂ ಇಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ತಮ್ಮ ಇಳಿವಯಸ್ಸಿನಲ್ಲಿ ಅಮೆರಿಕೆಯನ್ನು ಕಂಡು, ಹಳ್ಳಿಯ ಕಣ್ಣಿನಿಂದಲೇ ಅದನ್ನು ಅಳೆದು, ‘ಅಮೆರಿಕಾದಲ್ಲಿ ಗೊರೂರು’ ಎಂಬ ಗ್ರಂಥವನ್ನು ಬರೆದರು. ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಎಲ್ಲರೂ ಗ್ರಂಥ ಬರೆಯಬೇಕಾಗಿಲ್ಲ. ಮೊಮ್ಮಗುವಿಗೆ ದಿನಕ್ಕೊಂದು ಕತೆಯನ್ನು ಕನ್ನಡದಲ್ಲಿ ಹೇಳಿದರೆ ಸಾಕು. ಆ ಮನೆಯ ಗೋಡೆಗಳಿಗೆ ಅದಕ್ಕಿಂತ ಒಳ್ಳೆಯ ಅಲಂಕಾರ ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ.

ಕಡೆಯದಾಗಿ, ಎರಡೂ ಮನೆಗಳಿಗೆ ಅನ್ವಯಿಸುವ ಒಂದು ಸಣ್ಣ ಕೆಲಸ. ತುಮಕೂರಿನ ಮನೆಯಲ್ಲಿ ಪಂಚಾಂಗ ತೂಗುಹಾಕಿರುವ ಮೊಳೆಯ ಪಕ್ಕದಲ್ಲಿಯೇ ಒಂದು ರಟ್ಟಿನ ಮೇಲೆ ಹೊರನಾಡಿನ ಪೂರ್ಣ ವಿಳಾಸ, ಅಲ್ಲಿಯ ಒಬ್ಬ ನೆರೆಯವರ ದೂರವಾಣಿ, ಮಗನೋ ಅಳಿಯನೋ ಕೆಲಸ ಮಾಡುವ ಕಚೇರಿಯ ಹೆಸರು ಬರೆದಿಡಬೇಕು. ಹೊರನಾಡಿನ ಮನೆಯಲ್ಲಿ ತುಮಕೂರಿನ ನೆರೆಯವರೊಬ್ಬರ ದೂರವಾಣಿ, ಅಪ್ಪ ಅಮ್ಮನ ವೈದ್ಯರ ಹೆಸರು, ಅವರು ನುಂಗುವ ಮಾತ್ರೆಗಳ ಪಟ್ಟಿ ಇರಬೇಕು. ಆಪತ್ತಿಗೆ ಕರೆಯುವ ಅಂಕಿ ಅಮೆರಿಕೆಯಲ್ಲಿ 911, ಇಂಗ್ಲೆಂಡಿನಲ್ಲಿ 999, ಯೂರೋಪಿನಲ್ಲಿಯೂ ನಮ್ಮಲ್ಲಿಯೂ 112 ಎಂಬುದನ್ನು ಚಿಕ್ಕ ಮಕ್ಕಳಿಗೂ ಹಿರಿಯರಿಗೂ ಬಾಯಿಪಾಠ ಮಾಡಿಸಬೇಕು. ನಂಬಿಕೆಯುಳ್ಳ ಒಬ್ಬರ ಬಳಿ ಪ್ರತಿಯೊಂದು ಮನೆಯ ಇನ್ನೊಂದು ಬೀಗದ ಕೈ ಇರಬೇಕು. ಹಾಗೆ ಬೀಗದ ಕೈಯನ್ನು ಒಪ್ಪಿಸಬಹುದಾದ ಒಬ್ಬ ಮನುಷ್ಯನು ಆ ಊರಿನಲ್ಲಿ ದೊರೆತ ದಿನವೇ ಬಾಡಿಗೆಯ ಗೋಡೆಗಳು ಮನೆಯಾದವೆಂದು ತಿಳಿಯಬಹುದು.